ಮಗುವಿನ ಮೊದಲ ಪಿಟೀಲು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡಿನ ಹಿರಿಮೆಯನ್ನೂ ನುಡಿಯ ಸೊಬಗನ್ನೂ ಕುರಿತು ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ಆಡಲು ನಮಗಿಂತ ಬಲ್ಲವರು ಇದ್ದಾರೆ. ನಾವು ಇಂದು ಎತ್ತಿಕೊಂಡಿರುವುದು ತೀರ ಸಣ್ಣ ವಿಷಯ: ಮಗುವಿನ ಮೊದಲ ಪಿಟೀಲು. ಅದನ್ನು ಹೇಗೆ ಆರಿಸಬೇಕು, ಹೇಗೆ ಅಣಿಗೊಳಿಸಬೇಕು, ಹೇಗೆ ನುಡಿಸಲು ತೊಡಗಬೇಕು, ಈ ಕಲ್ಕತ್ತೆಯ ಹವೆಯಲ್ಲಿ ಅದನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬ ನಾಲ್ಕು ಮಾತು.

ವಿಷಯ ಸಣ್ಣದಾದರೂ ಅದರ ಹಿಂದಿರುವ ನೋವು ಸಣ್ಣದಲ್ಲ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಬಂಗಾಳಿ, ಹಿಂದಿ ಆಡಿ ಬೆಳೆಯುತ್ತಾರೆ. ದಾಸರ ಪದವೊಂದನ್ನಾದರೂ ಕಲಿಯಲಿ ಎಂದು ಆಸೆಪಟ್ಟು ಪಿಟೀಲು ತರುತ್ತೇವೆ. ಆರು ತಿಂಗಳು ಕಳೆಯುವುದರೊಳಗೆ ಅದು ಬೀರುವಿನ ಮೇಲೇರುತ್ತದೆ. “ನಮ್ಮ ಹುಡುಗನಿಗೆ ಸ್ವರಜ್ಞಾನವಿಲ್ಲ” ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ನಾವು ಮರೆತರೂ ಆ ತೀರ್ಪನ್ನು ಮಗು ಮರೆಯುವುದಿಲ್ಲ. ನಮ್ಮ ಅರಿಕೆ ಇಷ್ಟೆ: ಅನೇಕ ವೇಳೆ ತಪ್ಪು ಮಗುವಿನದಲ್ಲ, ವಾದ್ಯದ್ದು. ವಾದ್ಯವನ್ನು ಸರಿಪಡಿಸದೆ ಮಗುವಿನ ಬಗ್ಗೆ ತೀರ್ಪು ಹೇಳಕೂಡದು.

ಮೊದಲು ಹೆಸರಿನಿಂದಲೇ ಪ್ರಾರಂಭಿಸೋಣ. ಇಂಗ್ಲಿಷರ ‘ಫಿಡಲ್’ ನಮ್ಮ ಬಾಯಲ್ಲಿ ಪಿಟೀಲು ಆಯಿತು. ಪೋರ್ಚುಗೀಸರ ‘ವಿಯೋಲ’ ಬಂಗಾಳಿಗಳ ಬಾಯಲ್ಲಿ ಬೇಹಾಲಾ ಆಯಿತು ಎನ್ನುತ್ತಾರೆ. ನಮ್ಮ ನಗರದ ಒಂದು ಬಡಾವಣೆಗೂ ಅದೇ ಹೆಸರಿರುವುದರಿಂದ, “ಬೇಹಾಲಾ ಎಲ್ಲಿ ಸಿಕ್ಕುತ್ತದೆ?” ಎಂದು ಕೇಳಿದ ಹೊಸಬರಿಗೆ ಯಾರಾದರೂ ಬಸ್ಸಿನ ದಾರಿ ತೋರಿಸಿಬಿಟ್ಟರೆ ಆಶ್ಚರ್ಯವಿಲ್ಲ! ಅಂತೂ ಈ ವಾದ್ಯವೂ ನಮ್ಮ ಹಾಗೆಯೇ ಊರು ಬಿಟ್ಟು ಬಂದು, ಹೋದ ಕಡೆಯ ನುಡಿಯನ್ನು ಕಲಿತದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಐರೋಪ್ಯ ವಾದಕರಿಂದ ಇದನ್ನು ಕಲಿತು ನಮ್ಮ ಸಂಗೀತಕ್ಕೆ ಅಳವಡಿಸಿದರೆಂದು ಪ್ರಸಿದ್ಧಿ. ತಂಜಾವೂರಿನ ವಡಿವೇಲು ಇದನ್ನು ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರ ಆಸ್ಥಾನಕ್ಕೆ ಕೊಂಡೊಯ್ದರು.

ಕನ್ನಡನಾಡಿನಲ್ಲಿ ಪಿಟೀಲು ಎಂದೊಡನೆ ನೆನಪಾಗುವ ಹೆಸರು ಒಂದೇ. ತಿರುಮಕೂಡಲಿನಲ್ಲಿ ಹುಟ್ಟಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ಬೆಳೆದ ಟಿ. ಚೌಡಯ್ಯನವರು (೧೮೯೫–೧೯೬೭) ‘ಪಿಟೀಲು ಚೌಡಯ್ಯ’ ಎಂದೇ ಮನೆಮಾತಾದರು. ಬೆಂಗಳೂರಿನಲ್ಲಿ ೧೯೮೦ರಲ್ಲಿ ಅವರ ಹೆಸರಿನಲ್ಲಿ ಎದ್ದ ಸಭಾಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ಅವರ ಜೀವನದಿಂದ ನಮಗೆ ಇಲ್ಲಿ ಬೇಕಾದ ಪಾಠ ಒಂದು. ಧ್ವನಿವರ್ಧಕ ಬಳಕೆಗೆ ಬಾರದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೆ ನಾದ ಮುಟ್ಟುತ್ತಿರಲಿಲ್ಲ. ಅವರು ಕಮಾನನ್ನು ಇನ್ನೂ ಒತ್ತಿ ಎಳೆದು ಕೈ ನೋಯಿಸಿಕೊಳ್ಳುವುದರಲ್ಲಿ ನಿಲ್ಲಲಿಲ್ಲ, ವಾದ್ಯವನ್ನೇ ತಿದ್ದಿದರು. ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅಂತಹ ವಿದ್ವಾಂಸರಿಗೇ ವಾದ್ಯವನ್ನು ತಿದ್ದಿಕೊಳ್ಳುವ ಅಗತ್ಯ ಕಂಡಿತೆಂದರೆ, ಎಂಟು ವರ್ಷದ ಮಗುವಿಗೆ ಅದರ ಅಗತ್ಯ ಎಷ್ಟಿರಬೇಡ?

ಈಗ ಕೆಲಸದ ಮಾತಿಗೆ ಬರೋಣ. ಪಿಟೀಲು ಕೊಳ್ಳುವ ಮುನ್ನ ಗುರುಗಳನ್ನು ಗೊತ್ತುಮಾಡಿಕೊಳ್ಳಬೇಕು. ಕಲ್ಕತ್ತೆಯಲ್ಲಿ ಈ ವಾದ್ಯಕ್ಕೆ ಮೂರು ದಾರಿಗಳುಂಟು. ೧೯೧೫ರಲ್ಲಿ ಸ್ಥಾಪಿತವಾದ ಕಲ್ಕತ್ತಾ ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಸಂಗೀತಕ್ಕೆ ಹೆಸರಾದದ್ದು. ಹಿಂದೂಸ್ತಾನಿಯಲ್ಲಿ ಈ ನಗರವನ್ನೇ ಮನೆಮಾಡಿಕೊಂಡಿದ್ದ ಪಂಡಿತ ವಿ. ಜಿ. ಜೋಗ್ (೧೯೨೨–೨೦೦೪) ಮತ್ತು ರವೀಂದ್ರಭಾರತಿ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ವಿದುಷಿ ಶಿಶಿರಕಣಾ ಧರ್ ಚೌಧುರಿ (೧೯೩೭–೨೦೨೧) ಇವರ ಪರಂಪರೆಯುಂಟು. ಮೂರನೆಯದು ನಮ್ಮ ಕರ್ನಾಟಕ ಪದ್ಧತಿ; ಲೇಕ್ ಮಾರ್ಕೆಟ್ಟಿನ ಸುತ್ತ ದಕ್ಷಿಣದವರು ನೆಲಸಿದ ಕಾಲದಿಂದ ಅದೂ ಇಲ್ಲಿ ಬಾಳಿಕೊಂಡು ಬಂದಿದೆ. ಮರದ ಪೆಟ್ಟಿಗೆ ಮೂವರಿಗೂ ಒಂದೇ. ಹಿಡಿಯುವ ಬಗೆ, ಶ್ರುತಿ, ತಂತಿ ಬೇರೆ. ಪಾಶ್ಚಾತ್ಯರು ವಾದ್ಯವನ್ನು ಗದ್ದಕ್ಕೂ ಭುಜಕ್ಕೂ ನಡುವೆ ಹಿಡಿಯುತ್ತಾರೆ. ನಮ್ಮವರು ನೆಲದ ಮೇಲೆ ಕುಳಿತು ಪಿಟೀಲಿನ ಸುರುಳಿಯನ್ನು ಬಲಗಾಲಿನ ಹರಡಿನ ಮೇಲೆ ಊರುತ್ತಾರೆ. ಆಗ ಎಡಗೈಗೆ ವಾದ್ಯವನ್ನು ಹೊರುವ ಭಾರ ತಪ್ಪಿ, ಗಮಕಕ್ಕಾಗಿ ಮೇಲೆ ಕೆಳಗೆ ಜಾರಲು ಸ್ವಾತಂತ್ರ್ಯ ದೊರೆಯುತ್ತದೆ. ಪಾಶ್ಚಾತ್ಯರ ನಾಲ್ಕು ತಂತಿಗಳಲ್ಲಿ ಪ್ರತಿಯೊಂದೂ ಕೆಳಗಿನದಕ್ಕೆ ಪಂಚಮ. ನಮ್ಮಲ್ಲಿ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂಬ ಕ್ರಮ. ಶ್ರುತಿಯೂ ಸಾಮಾನ್ಯವಾಗಿ ಅವರದಕ್ಕಿಂತ ತಗ್ಗು. ಆದ್ದರಿಂದ “ಯಾವ ತಂತಿ ಹಾಕಿಸಲಿ, ಯಾವ ಶ್ರುತಿಗೆ ಕೂಡಿಸಲಿ?” ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಗುರುಗಳೇ ಹೊರತು ಅಂಗಡಿಯವರಲ್ಲ.

ಎರಡನೆಯದು ಅಳತೆ. ಪೂರ್ಣ ಪಿಟೀಲಿನ ಒಡಲು ಸುಮಾರು ೧೪ ಅಂಗುಲ ಉದ್ದ. ಮಕ್ಕಳಿಗಾಗಿ ಮುಕ್ಕಾಲು, ಅರ್ಧ, ಕಾಲು, ಅರೆಕಾಲು ಎಂಬ ಗಾತ್ರಗಳುಂಟು. ಮಗು ಎಡಗೈಯನ್ನು ಚಾಚಿದಾಗ ಅಂಗೈ ಸುರುಳಿಯನ್ನು ತಲುಪಿ, ಬೆರಳುಗಳು ಅದನ್ನು ಸುಲಭವಾಗಿ ಸುತ್ತಿ ಹಿಡಿಯುವಂತಿರಬೇಕು. ಮೊಣಕೈ ಬಿಗಿದು ಸೆಟೆಯಕೂಡದು. ಸ್ಥೂಲವಾಗಿ ಏಳೆಂಟು ವರ್ಷದ ಮಗುವಿಗೆ ಅರ್ಧ, ಹತ್ತರ ಆಸುಪಾಸಿಗೆ ಮುಕ್ಕಾಲು, ಹನ್ನೆರಡು ದಾಟಿದ ಮೇಲೆ ಪೂರ್ಣ. “ಹೇಗೂ ಬೆಳೆಯುತ್ತಾನೆ, ದೊಡ್ಡದನ್ನೇ ಕೊಳ್ಳೋಣ” ಎಂಬ ಲೆಕ್ಕ ಅಂಗಿಗೆ ಸರಿ, ಪಿಟೀಲಿಗೆ ಸಲ್ಲದು. ಸಂಘದ ಮನೆಗಳಲ್ಲಿ ಒಬ್ಬರ ಮಗುವಿಗೆ ಸಣ್ಣದಾದ ಪಿಟೀಲು ಇನ್ನೊಬ್ಬರ ಮಗುವಿಗೆ ಹೋಗುವಂತಾದರೆ ಎಲ್ಲರಿಗೂ ಅನುಕೂಲ.

ಇನ್ನು ವಾದ್ಯವನ್ನು ಅಣಿಗೊಳಿಸುವ ವಿಷಯ. ಲಾಲ್‌ಬಜಾರಿನ ಬಳಿ ರವೀಂದ್ರ ಸರಣಿಯಲ್ಲಿ, ಅಂದರೆ ಹಳೆಯ ಚಿತ್‌ಪುರ ರಸ್ತೆಯಲ್ಲಿ, ಸಾಲಾಗಿ ವಾದ್ಯದ ಅಂಗಡಿಗಳಿವೆ. ಎಲ್ಲಿ ಕೊಂಡರೂ ಒಂದು ಮಾತು ನೆನಪಿರಲಿ: ಕಾರ್ಖಾನೆಯಿಂದ ಬಂದ ಅಗ್ಗದ ಪಿಟೀಲು ಅನೇಕ ವೇಳೆ ಪೂರ್ತಿಯಾದ ವಾದ್ಯವಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ಬೇರೆಯಾಗಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿರುವುದುಂಟು. ಬಲ್ಲ ಕೆಲಸಗಾರನಿಂದ ಅದನ್ನು ಕೂಡಿಸಿ ತಿದ್ದಿಸಿಕೊಂಡೇ ಮನೆಗೆ ತರಬೇಕು. ಅದಕ್ಕೆ ತಗಲುವ ಹಣ ದಂಡವಲ್ಲ.

ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಷ್ಟೆ ಅದು ನಿಂತಿರುತ್ತದೆ. ಒಡಲಿನ ಮೇಲೆ ಎರಡು ಕಡೆ ಕೊರೆದ ಉದ್ದನೆಯ ಕಿಂಡಿಗಳಿವೆಯಷ್ಟೆ; ಅವುಗಳ ಒಳ ಅಂಚಿನಲ್ಲಿ ಒಂದೊಂದು ಸಣ್ಣ ಕಚ್ಚು ಇರುತ್ತದೆ. ಎರಡು ಕಚ್ಚುಗಳನ್ನು ಕೂಡಿಸುವ ಗೆರೆಯ ಮೇಲೆ, ನಟ್ಟನಡುವೆ, ಕುದುರೆ ನಿಲ್ಲಬೇಕು. ಅದರ ಎರಡು ಪಾದಗಳೂ ಸಂದಿಲ್ಲದಂತೆ ಹಲಗೆಯನ್ನು ಮುಟ್ಟಬೇಕು. ತಂತಿ ಬಿಗಿಯುತ್ತ ಹೋದಂತೆ ಕುದುರೆಯ ತಲೆ ಬಿರಡೆಗಳ ಕಡೆಗೆ ಬಾಗುತ್ತದೆ. ಹಾಗೆಯೇ ಬಿಟ್ಟರೆ ಒಂದು ದಿನ ಪಟಾರನೆ ಬೀಳುತ್ತದೆ, ಕೆಲವು ವೇಳೆ ಹಲಗೆಯನ್ನೂ ಸೀಳುತ್ತದೆ. ವಾರಕ್ಕೊಮ್ಮೆ ಪಕ್ಕದಿಂದ ನೋಡಿ, ಬಾಗಿದ್ದರೆ ಎರಡು ಕೈಗಳ ಹೆಬ್ಬೆರಳು ತೋರುಬೆರಳುಗಳಿಂದ ಮೆಲ್ಲಗೆ ಹಿಂದಕ್ಕೆ ತರಬೇಕು. ತಂತಿಯ ಎತ್ತರವನ್ನು ಮಕ್ಕಳ ಅಳತೆಪಟ್ಟಿಯಿಂದಲೇ ನೋಡಬಹುದು. ಬೆರಳಿಡುವ ಕಪ್ಪು ಪಟ್ಟಿ ಮುಗಿಯುವಲ್ಲಿ ತೆಳು ತಂತಿ ಅದಕ್ಕಿಂತ ಸುಮಾರು ೩ರಿಂದ ೪ ಮಿಲಿಮೀಟರ್, ದಪ್ಪ ತಂತಿ ಸುಮಾರು ೫ ಮಿಲಿಮೀಟರ್ ಮೇಲಿದ್ದರೆ ಸರಿ. ಇದಕ್ಕಿಂತ ಬಹಳ ಎತ್ತರವಾಗಿದ್ದರೆ ಮಗುವಿನ ಬೆರಳು ನೋಯುತ್ತದೆ, ಸ್ವರವೂ ತಪ್ಪುತ್ತದೆ. ಮಗು ನೋವೆಂದರೆ ಸೋಮಾರಿತನವೆಂದು ಗದರುವುದಕ್ಕೆ ಮುಂಚೆ ಪಟ್ಟಿಯಿಟ್ಟು ಅಳೆದು ನೋಡಿ.

ಒಡಲಿನ ಒಳಗೆ ಕಣ್ಣಿಗೆ ಸುಲಭವಾಗಿ ಕಾಣದ ಒಂದು ಕಡ್ಡಿಯಿದೆ. ಸುಮಾರು ೬ ಮಿಲಿಮೀಟರ್ ದಪ್ಪದ ಈ ಮರದ ಕಡ್ಡಿ ಕುದುರೆಯ ತೆಳು ತಂತಿಯ ಕಡೆಯ ಪಾದಕ್ಕೆ ಸ್ವಲ್ಪ ಹಿಂದೆ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಂತಿರುತ್ತದೆ. ಇದಕ್ಕೂ ಅಂಟಿಲ್ಲ. ಇಂಗ್ಲಿಷರು ಇದನ್ನು ಸೌಂಡ್‌ಪೋಸ್ಟ್ ಎನ್ನುತ್ತಾರೆ. ಫ್ರೆಂಚರೂ ಇಟಲಿಯವರೂ ಇದಕ್ಕೆ ‘ಆತ್ಮ’ ಎಂದೇ ಹೆಸರಿಟ್ಟಿದ್ದಾರೆ. ಇದು ಬಿದ್ದರೆ ನಾದ ಟೊಳ್ಳಾಗುವುದಲ್ಲದೆ, ತಂತಿಯ ಭಾರಕ್ಕೆ ಹಲಗೆಯೇ ಕುಗ್ಗೀತು. ಆದ್ದರಿಂದ ನಾಲ್ಕು ತಂತಿಗಳನ್ನೂ ಒಟ್ಟಿಗೆ ಬಿಚ್ಚಕೂಡದು. ಒಂದನ್ನು ತೆಗೆದು ಹೊಸದನ್ನು ಹಾಕಿ ಬಿಗಿದ ಮೇಲೆಯೇ ಮತ್ತೊಂದನ್ನು ಮುಟ್ಟಬೇಕು. ಒಳಗೆ ಏನೋ ಉರುಳಿದ ಸದ್ದಾದರೆ ತಂತಿಗಳನ್ನು ಸಡಿಲಿಸಿ ಕೆಲಸಗಾರನ ಬಳಿಗೆ ಒಯ್ಯಿರಿ, ಮನೆಯಲ್ಲಿ ಕೈಹಾಕಬೇಡಿ.

ಬಿರಡೆಗಳು ತುದಿ ಸಣ್ಣಗಾಗುತ್ತ ಹೋಗುವ ಗೂಟಗಳು. ತಿರುಗಿಸುವಾಗ ಒಳಕ್ಕೆ ಒತ್ತುತ್ತಲೇ ತಿರುಗಿಸಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ತಂತಿಯನ್ನು ಯಾವಾಗಲೂ ಕೆಳಗಿನ ಶ್ರುತಿಯಿಂದ ಮೇಲಕ್ಕೆ ಏರಿಸಿಕೊಂಡು ಬರಬೇಕು. ಕಲಿಯುವವರ ಪಿಟೀಲಿನಲ್ಲಿ ಕುದುರೆಯ ಹಿಂಬದಿಗೆ ನಾಲ್ಕು ತಂತಿಗೂ ಸಣ್ಣ ತಿರುಪುಗಳಿದ್ದರೆ ಬಹಳ ಉಪಕಾರ. ಚೂರುಪಾರು ವ್ಯತ್ಯಾಸವನ್ನು ಮಗು ತಾನೇ ಸರಿಮಾಡಿಕೊಳ್ಳುತ್ತದೆ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ದಿನವೂ ಶ್ರುತಿ ಇಳಿಯುತ್ತದೆ. ಇದು ವಾದ್ಯದ ದೋಷವಲ್ಲ.

ಕಮಾನಿನ ಮಾತನ್ನು ಅನೇಕರು ಮರೆಯುತ್ತಾರೆ. ಅದಕ್ಕೆ ಕಟ್ಟಿರುವುದು ಕುದುರೆಯ ಬಾಲದ ಕೂದಲು. ರಾಳ ಹಚ್ಚದ ಹೊಸ ಕಮಾನಿನಿಂದ ನಾದವೇ ಹೊರಡದು. ಬಂಗಾಳಿಗಳು ರಜನ್ ಎಂದು ಕರೆಯುವ ಈ ರಾಳದ ಬಿಲ್ಲೆಯನ್ನು ಮೊದಲು ನಯವಾದ ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ, ಹೊಸ ಕೂದಲಿಗೆ ಇಪ್ಪತ್ತು ಮೂವತ್ತು ಸಲ ಎಳೆಯಬೇಕು. ಆಮೇಲೆ ನುಡಿಸುವ ದಿನ ನಾಲ್ಕೈದು ಎಳೆತ ಸಾಕು. ಹೆಚ್ಚಾದರೆ ನಾದ ಗರಗರ ಎನ್ನುತ್ತದೆ. ಕೂದಲನ್ನು ಬೆರಳಿನಿಂದ ಮುಟ್ಟಕೂಡದು. ಕೈಯ ಜಿಡ್ಡು ತಗುಲಿದ ಕಡೆ ರಾಳ ಹಿಡಿಯುವುದಿಲ್ಲ. ಕೋಲಿಗೂ ಕೂದಲಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಬಿಗಿದರೆ ಸಾಕು. ನುಡಿಸಿಯಾದ ಮೇಲೆ ಮರೆಯದೆ ಸಡಿಲಿಸಬೇಕು. ಇಲ್ಲವಾದರೆ ಕೋಲು ಸೊಟ್ಟಗಾಗುತ್ತದೆ.

ವಾದ್ಯ ಅಣಿಯಾಯಿತು. ಇನ್ನು ನುಡಿಸುವುದು. ಬೇಸರ ಬರುವಂತೆ ಮಾತನಾಡುವವನಿಗೆ ನಮ್ಮೂರಿನಲ್ಲಿ “ಪಿಟೀಲು ಕುಯ್ಯಬೇಡ” ಎನ್ನುತ್ತಾರೆ. ಕಲಿಯುವವನ ಮನೆಯವರು ಕಟ್ಟಿದ ಮಾತೇ ಇರಬೇಕು! ಮೊದಲ ಕೆಲವು ವಾರ ಬೆರಳಿನ ಗೊಡವೆ ಬೇಡ. ಶ್ರುತಿಪೆಟ್ಟಿಗೆಯನ್ನೋ ಮೊಬೈಲಿನ ತಂಬೂರಿಯನ್ನೋ ಹಾಕಿಟ್ಟು, ಒಂದೊಂದೇ ಬಿಡಿ ತಂತಿಯ ಮೇಲೆ ಕಮಾನನ್ನು ತುದಿಯಿಂದ ತುದಿಗೆ ನಿಧಾನವಾಗಿ ಎಳೆಯಲಿ. ಕಮಾನು ಕುದುರೆಗೆ ಸಮಾನಾಂತರವಾಗಿ, ಕುದುರೆಗೂ ಕಪ್ಪು ಪಟ್ಟಿಯ ಕೊನೆಗೂ ನಡುವೆ ಓಡಬೇಕು. ಕುದುರೆಗೆ ತೀರ ಹತ್ತಿರ ಹೋದರೆ ಕೀರಲು, ಪಟ್ಟಿಯ ಮೇಲೆ ಹೋದರೆ ಬರಿಯ ಉಸಿರಿನಂತಹ ಸದ್ದು. ಎದುರಿಗೆ ಕನ್ನಡಿಯಿಟ್ಟರೆ ಮಗು ತಾನೇ ತಿದ್ದಿಕೊಳ್ಳುತ್ತದೆ. ಹೊತ್ತಿಗೆ ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಹೊತ್ತು ಸಾಕು. ಭಾನುವಾರ ಎರಡು ಗಂಟೆ ಕೂರಿಸಿ ಮಿಕ್ಕ ಆರು ದಿನ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಆಮೇಲೆ ಸರಳೆ, ಜಂಟಿ ವರಸೆ, ಅಲಂಕಾರ. ಪುರಂದರದಾಸರು ಮಾಯಾಮಾಳವಗೌಳದಿಂದಲೇ ಪಾಠ ಮೊದಲಾಗಬೇಕೆಂದು ಗೊತ್ತುಮಾಡಿದರೆಂಬುದು ಸಂಪ್ರದಾಯ. ಪಿಟೀಲಿನವರಿಗೆ ಈ ರಾಗದಲ್ಲಿ ವಿಶೇಷವಾದ ಅನುಕೂಲವಿದೆ. ಸ-ರಿ-ಗ-ಮ ಈ ನಾಲ್ಕು ಸ್ವರಗಳ ಅಂತರ ಹೇಗಿದೆಯೋ ಪ-ದ-ನಿ-ಸ ಎಂಬ ನಾಲ್ಕರ ಅಂತರವೂ ಹಾಗೆಯೇ ಇದೆ. ಷಡ್ಜದ ತಂತಿಯಲ್ಲಿ ಬೆರಳು ಬೀಳುವ ಜಾಗಗಳೇ ಪಂಚಮದ ತಂತಿಯಲ್ಲಿಯೂ ಬರುತ್ತವೆ. ಮಗು ಕೈಯಿಡುವ ಒಂದು ಬಗೆಯನ್ನು ಕಲಿತರೆ ಸ್ಥಾಯಿ ಪೂರ್ತಿ ಬಂದಂತಾಯಿತು. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ, ಕಿವಿಯೇ ಮೆಟ್ಟಿಲು. ಆದರೆ ವಾದ್ಯವೇ ಸುಳಿವು ಕೊಡುತ್ತದೆ: ಪಂಚಮದ ತಂತಿಯಲ್ಲಿ ತಾರಷಡ್ಜ ಸರಿಯಾಗಿ ಬಿದ್ದರೆ, ಮುಟ್ಟದೆ ಬಿಟ್ಟ ಪಕ್ಕದ ಷಡ್ಜದ ತಂತಿ ತಾನಾಗಿ ಮಿಡಿಯುತ್ತದೆ. ಇದನ್ನು ಮಗುವಿಗೆ ಒಮ್ಮೆ ತೋರಿಸಿಕೊಟ್ಟರೆ ಅದೊಂದು ಆಟವಾಗುತ್ತದೆ. ಶ್ರುತಿ ಸೇರದ ವಾದ್ಯದಲ್ಲಿ ಮಾತ್ರ ಈ ಸುಳಿವು ಎಂದಿಗೂ ದೊರೆಯದು. ಆ ಮಗು ಏನನ್ನು ಹಿಡಿದು ಸ್ವರ ಕಲಿಯಬೇಕು?

ಕೊನೆಯದಾಗಿ ಪೋಷಣೆ. ಕಲ್ಕತ್ತೆಯ ಹವೆ ಮರದ ವಾದ್ಯಕ್ಕೆ ಕಠಿನವಾದದ್ದು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯ ತೇವಾಂಶ ಅನೇಕ ದಿನ ನೂರಕ್ಕೆ ೮೦ನ್ನು ಮೀರುತ್ತದೆ. ಮರ ಊದಿಕೊಂಡು ಬಿರಡೆಗಳು ಕಚ್ಚಿಕೊಳ್ಳುತ್ತವೆ, ಕಮಾನಿನ ಕೂದಲು ಉದ್ದವಾಗಿ ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ, ಪೆಟ್ಟಿಗೆಯ ಮಖಮಲ್ಲಿಗೆ ಬೂಷ್ಟು ಬರುತ್ತದೆ. ಕಚ್ಚಿದ ಬಿರಡೆಯನ್ನು ತೆಗೆದು ಒಣ ಸಾಬೂನಿನ ತುಂಡನ್ನು ಸವರಿದರೆ ಸಲೀಸಾಗಿ ತಿರುಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಬದಲಾಯಿಸುತ್ತಿರಬೇಕು. ರಸ್ತೆಯ ನೀರು ಮನೆಯೊಳಗೆ ನುಗ್ಗುವ ನಮ್ಮ ಬೀದಿಗಳಲ್ಲಿ ಪಿಟೀಲನ್ನು ನೆಲದ ಮೇಲೆ, ಮಂಚದ ಕೆಳಗೆ, ಮಳೆಗೆ ನೆನೆಯುವ ಗೋಡೆಗೆ ಒರಗಿಸಿ ಇಡಬೇಡಿ. ಏರ್‌ಕಂಡಿಷನರಿನ ನೇರ ಗಾಳಿಯೂ ಬೇಡ, ನಿಂತ ಕಾರಿನ ಬಿಸಿಯಂತೂ ಬೇಡವೇ ಬೇಡ. ವಾದ್ಯದ ಹಲಗೆಗಳನ್ನು ಕೂಡಿಸಿರುವುದು ಪ್ರಾಣಿಜನ್ಯ ಅಂಟಿನಿಂದ; ಶಾಖಕ್ಕೂ ತೇವಕ್ಕೂ ಅದು ಬಿಡುತ್ತದೆ. ಬಿಟ್ಟರೆ ಕೆಲಸಗಾರ ಮತ್ತೆ ಅಂಟಿಸಬಲ್ಲ. ನಾವು ಮನೆಯಲ್ಲಿರುವ ಬಿಳಿಯ ಅಂಟನ್ನು ಸುರಿದರೆ ಮುಂದೆ ಅದನ್ನು ಬಿಡಿಸುವುದೇ ಕಷ್ಟವಾಗುತ್ತದೆ.

ದಿನವೂ ನುಡಿಸಿಯಾದ ಮೇಲೆ ತಂತಿ, ಹಲಗೆಗಳ ಮೇಲೆ ಬಿದ್ದ ರಾಳದ ಪುಡಿಯನ್ನು ಮೆತ್ತನೆಯ ಒಣಬಟ್ಟೆಯಿಂದ ಒರಸಬೇಕು. ನೀರು ಬೇಡ, ಸ್ಪಿರಿಟ್ ಬೇಡ, ಹೊಳೆಯಲೆಂದು ಕೊಬ್ಬರಿ ಎಣ್ಣೆಯೂ ಬೇಡ. ವಾರಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಹುಳು ಸೇರಿ ಕಮಾನಿನ ಕೂದಲನ್ನು ತಿನ್ನುವುದುಂಟು; ಆಗಾಗ ತೆರೆದು ಬೆಳಕು ಕಾಣಿಸಿರಿ. ಪೂಜೆಯ ರಜೆಗೆ ಊರಿಗೆ ಹೊರಟರೆ ಹೌರಾ ನಿಲ್ದಾಣದ ಕೂಲಿಯ ತಲೆಯ ಮೇಲೆ ಟ್ರಂಕಿನೊಡನೆ ಪಿಟೀಲನ್ನು ಹೇರದೆ ಕೈಯಲ್ಲಿಯೇ ಹಿಡಿದುಕೊಳ್ಳಿ.

ಬಂಧುಗಳೇ, ಈಗ ನವೆಂಬರು. ಗಾಳಿ ಒಣಗುತ್ತಿದೆ. ಮಳೆಗಾಲದಲ್ಲಿ ಊದಿದ್ದ ಮರ ಕುಗ್ಗಿ ಬಿರಡೆಗಳು ಜಾರತೊಡಗುವುದು, ತಂತಿಗಳು ಇದ್ದಕ್ಕಿದ್ದಂತೆ ಸಡಿಲಾಗಿ ಕುದುರೆ ಬೀಳುವುದು ಈ ದಿನಗಳಲ್ಲಿಯೇ. ಜಾರುವ ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಸವರಿದರೆ ನಿಲ್ಲುತ್ತದೆ. ನಮ್ಮಲ್ಲಿ ಯಾರ ಮನೆಯ ಬೀರುವಿನ ಮೇಲಾದರೂ ಒಂದು ಪಿಟೀಲು ಮಲಗಿದ್ದರೆ ಈ ಭಾನುವಾರ ಕೆಳಗಿಳಿಸಿ ನೋಡಿರಿ. ಕುದುರೆ ನೆಟ್ಟಗಿದೆಯೇ? ತಂತಿ ತೀರ ಎತ್ತರವೇ? ಒಳಗಿನ ಕಡ್ಡಿ ನಿಂತಿದೆಯೇ? ಕಮಾನಿನಲ್ಲಿ ಕೂದಲು ಉಳಿದಿದೆಯೇ? ಇಷ್ಟನ್ನು ನೋಡಲು ಸಂಗೀತಜ್ಞಾನ ಬೇಕಿಲ್ಲ, ಕಣ್ಣಿದ್ದರೆ ಸಾಕು. ಸರಿಯಿಲ್ಲದ್ದನ್ನು ರವೀಂದ್ರ ಸರಣಿಗೆ ಒಯ್ದು ಸರಿಮಾಡಿಸಿ, ಗುರುಗಳಿಂದ ಶ್ರುತಿ ಕೂಡಿಸಿ, ಮಗುವಿನ ಕೈಗೆ ಇನ್ನೊಮ್ಮೆ ಕೊಡಿ. ಒಂದು ವರ್ಷ ಯಾವ ತೀರ್ಪನ್ನೂ ಹೇಳಬೇಡಿ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಆ ಮಗು ಈ ವೇದಿಕೆಯ ಮೇಲೆ ಕುಳಿತು ಒಂದು ಪಿಳ್ಳಾರಿ ಗೀತೆಯನ್ನು ತಪ್ಪೋ ಒಪ್ಪೋ ನುಡಿಸಿದರೆ, ಕೇಳಲು ನಾವೆಲ್ಲರೂ ಮುಂದಿನ ಸಾಲಿನಲ್ಲಿ ಇರುತ್ತೇವೆ.